ಡಿಸೆಂಬರ್‌ನಲ್ಲಿ ಡಚ್ ನೆಂಟರ ಮನೆಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕ್ರಿಸ್‌ಮಸ್ ರಜೆಗೆ ನೆದರ್‌ಲ್ಯಾಂಡ್ಸ್‌ನಲ್ಲಿರುವ ಬಂಧುಗಳ ಮನೆಗೆ ಹೊರಟವರ ಪತ್ರಗಳನ್ನು ಈ ಸಂಚಿಕೆಗೆ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಪ್ರವಾಸಿಯಾಗಿ ಹೋಗುವುದು ಬೇರೆ, ಸೊಸೆಯ ಅಥವಾ ಅಳಿಯನ ಊರಿಗೆ ನೆಂಟರಾಗಿ ಹೋಗುವುದು ಬೇರೆ. ಕಾಗದಪತ್ರದಿಂದ ಹಿಡಿದು ಊಟದ ಹೊತ್ತಿನವರೆಗೆ ಎಲ್ಲದರಲ್ಲೂ ಆ ವ್ಯತ್ಯಾಸ ಎದುರಾಗುತ್ತದೆ.

ನನ್ನ ಹೆಂಡತಿ ಡಚ್ ಪ್ರಜೆ. ಮದುವೆಯಾದಂದಿನಿಂದ ನಮ್ಮ ತೋಟದಲ್ಲೇ ಇದ್ದೇವೆ. ಇಬ್ಬರು ಮಕ್ಕಳಿಗೂ ಡಚ್ ಪಾಸ್‌ಪೋರ್ಟ್, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳು ವೀಸಾ ಇಲ್ಲದೆ ಭಾರತಕ್ಕೆ ಬರಲು ಕೊಡುವ ಕಾರ್ಡ್) ಇದೆ. ನನ್ನದು ಭಾರತದ ಪಾಸ್‌ಪೋರ್ಟ್. ಡಿಸೆಂಬರ್‌ನಲ್ಲಿ ಮೂರು ವಾರ ಫ್ರೀಸ್‌ಲ್ಯಾಂಡ್‌ನ ಅತ್ತೆ ಮನೆಗೆ ಹೋಗಬೇಕು. ಹೆಂಡತಿ ಡಚ್ ಆದ್ದರಿಂದ ನನಗೆ ವೀಸಾ ಶುಲ್ಕ ಇಲ್ಲ ಎನ್ನುತ್ತಾರೆ, ನಿಜವೇ? (ಮಡಿಕೇರಿ)

ನಿಜವಲ್ಲ. ಐರೋಪ್ಯ ಒಕ್ಕೂಟದ ಪ್ರಜೆಯ ಗಂಡ ಅಥವಾ ಹೆಂಡತಿಗೆ ಶುಲ್ಕವಿಲ್ಲದೆ ವೀಸಾ ಕೊಡುವ ನಿಯಮ ಇದೆ. ಆದರೆ ಆ ಪ್ರಜೆ ತನ್ನ ದೇಶ ಬಿಟ್ಟು ಒಕ್ಕೂಟದ ಇನ್ನೊಂದು ದೇಶಕ್ಕೆ ಹೋಗುವಾಗ ಮಾತ್ರ ಅದು ಅನ್ವಯಿಸುತ್ತದೆ. ನಿಮ್ಮ ಹೆಂಡತಿ ಹೋಗುತ್ತಿರುವುದು ತವರಿಗೇ ಆದ್ದರಿಂದ ನೀವು ಎಲ್ಲರಂತೆ ಅಲ್ಪಾವಧಿಯ ಷೆಂಗನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಮಾಡಿಸಬೇಕು. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೋ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ.

ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಕೊಡಬಹುದು, ಕೊನೆಯ ಗಡುವು 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ದಾಖಲೆ ಕೇಳಿದರೆ 45 ದಿನದವರೆಗೂ ಹೋಗಬಹುದು. ಬೆಂಗಳೂರಿನ ವಿಎಫ್‌ಎಸ್ ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು ಕೊಡಲು ನೀವೇ ಹೋಗಬೇಕು. ಕ್ರಿಸ್‌ಮಸ್ ಹತ್ತಿರವಾದಂತೆ ಅಲ್ಲಿ ದಿನಾಂಕ ಸಿಗುವುದು ಕಷ್ಟ. ಹಾಗಾಗಿ ಡಿಸೆಂಬರ್ ಮಧ್ಯದಲ್ಲಿ ಹೊರಡುವವರು ಸೆಪ್ಟೆಂಬರ್‌ನಲ್ಲೇ ಅರ್ಜಿ ಹಾಕಿದರೆ ನೆಮ್ಮದಿ. ಅಷ್ಟೂ ದಿನ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿರುವುದಿಲ್ಲ ಎಂಬುದು ನೆನಪಿರಲಿ.

ಪಾಸ್‌ಪೋರ್ಟ್ ಕೊಟ್ಟು 10 ವರ್ಷದೊಳಗಿರಬೇಕು, ನೀವು ಹಿಂದಿರುಗುವ ದಿನದಿಂದ ಮುಂದೆ ಇನ್ನೂ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು. ಆರೋಗ್ಯ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು. ಮದುವೆ ನೋಂದಣಿ ಪತ್ರ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ ಸೇರಿಸಿ. ನೀವು ಉಳಿಯುವುದು ಹೋಟೆಲಿನಲ್ಲಲ್ಲ, ಅತ್ತೆಯ ಮನೆಯಲ್ಲಿ. ಅದಕ್ಕೆ ವಸತಿ ಮತ್ತು ಖರ್ಚಿನ ಹೊಣೆಯ ನಮೂನೆಯೊಂದಿದೆ. ನಿಮ್ಮ ಅತ್ತೆ ತಮ್ಮ ಊರಿನ ಖೆಮೆಂಟೆಗೆ, ಅಂದರೆ ನಮ್ಮ ಪುರಸಭೆಯಂಥ ಕಚೇರಿಗೆ ಹೋಗಿ, ಅಲ್ಲಿ ಸಹಿ ದೃಢೀಕರಿಸಿ ಕಳಿಸಬೇಕು. ಪತ್ರ ಬರೆದು ಸಹಿ ಹಾಕಿ ಸ್ಕ್ಯಾನ್ ಮಾಡಿದರೆ ಅದು ಬರಿಯ ಆಮಂತ್ರಣ ಪತ್ರವಷ್ಟೆ. ಅರ್ಜಿಗಳು ಎಡವುವುದು ಹೆಚ್ಚಾಗಿ ಇಲ್ಲೇ.

ಆ ನಮೂನೆಯಲ್ಲಿ ಎರಡು ಭಾಗವಿದೆ: ಮನೆಯಲ್ಲಿ ಇರಿಸಿಕೊಳ್ಳುತ್ತೇನೆ ಎನ್ನುವುದು ಒಂದು, ಖರ್ಚು ನೋಡಿಕೊಳ್ಳುತ್ತೇನೆ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಸಹಿ ಹಾಕುವವರು ತಮ್ಮ ಸಂಬಳದ ದಾಖಲೆ ಕೊಡಬೇಕು. ನಿಮ್ಮ ಹಣದಲ್ಲೇ ಹೋಗುವುದಾದರೆ ಮೊದಲ ಭಾಗ ಸಾಕು. ಆಗ ದಿನಕ್ಕೆ 55 ಯೂರೋ ಲೆಕ್ಕದಲ್ಲಿ, 21 ದಿನಕ್ಕೆ 1,155 ಯೂರೋ ನಿಮ್ಮ ಖಾತೆಯಲ್ಲಿದೆ ಎಂದು ತೋರಿಸಬೇಕು. ಅರ್ಜಿಯ ಹಿಂದಿನ ವಾರ ಯಾರದೋ ಖಾತೆಯಿಂದ ದೊಡ್ಡ ಮೊತ್ತ ಬಂದು ಬಿದ್ದಿದ್ದರೆ ಪ್ರಶ್ನೆ ಏಳುತ್ತದೆ.

ಮಕ್ಕಳಿಗೂ ಹೆಂಡತಿಗೂ ಹೋಗುವ ತೊಂದರೆಯಿಲ್ಲ, ತೊಂದರೆ ಬಂದರೆ ವಾಪಸು ಬರುವಾಗ. ಡಚ್ ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೇ ಮುಗಿಯುತ್ತದೆ. ಹೊಸದು ಬಂದ 3 ತಿಂಗಳೊಳಗೆ ಅದರ ಪ್ರತಿ ಮತ್ತು ಹೊಸ ಫೋಟೊವನ್ನು ಒಸಿಐ ಜಾಲತಾಣದಲ್ಲಿ ಸೇರಿಸಬೇಕು. 20 ವರ್ಷ ತುಂಬುವವರೆಗೆ ಪ್ರತಿ ಸಲವೂ ಹೀಗೆಯೇ. ಒಸಿಐ ಕಾರ್ಡನ್ನು ಮನೆಯ ಬೀರುವಿನಲ್ಲಿ ಬಿಟ್ಟು ಹೋದರೆ ಆಮ್‌ಸ್ಟರ್‌ಡಾಮ್‌ನ ಸ್ಕಿಪೊಲ್ ವಿಮಾನ ನಿಲ್ದಾಣದಲ್ಲಿ ಬೆಂಗಳೂರಿನ ವಿಮಾನ ಹತ್ತಿಸಿಕೊಳ್ಳುವುದಿಲ್ಲ.

ಇನ್ನೊಂದು ಮಾತು. ಕೊಯ್ಲಿನ ಕಾರಣಕ್ಕೆ ನೀವು ಒಂದು ವಾರ ತಡವಾಗಿ ಹೊರಟು, ಹೆಂಡತಿ ಮಕ್ಕಳು ಮೊದಲೇ ಹೋಗುವುದಾದರೆ, ನಿಮ್ಮ ಒಪ್ಪಿಗೆ ಪತ್ರ, ನಿಮ್ಮ ಪಾಸ್‌ಪೋರ್ಟ್ ಪ್ರತಿ, ಮಕ್ಕಳ ಜನನ ಪ್ರಮಾಣಪತ್ರ ಅವರ ಕೈಚೀಲದಲ್ಲಿರಲಿ. ಅಪ್ಪ ಅಮ್ಮಂದಿರಲ್ಲಿ ಒಬ್ಬರೇ ಮಕ್ಕಳನ್ನು ಕರೆತಂದರೆ ಡಚ್ ಗಡಿ ಪೊಲೀಸರು ವಿಚಾರಿಸುವುದು ವಾಡಿಕೆ. ತಾಯಿಯೇ ಡಚ್ ಆಗಿದ್ದರೂ ವಿಚಾರಿಸುತ್ತಾರೆ.

ಅಳಿಯ ಡಚ್. ಡೆವೆಂಟರ್‌ನ ಬೀಗರು ನಮ್ಮಿಬ್ಬರನ್ನೂ ಕ್ರಿಸ್‌ಮಸ್‌ಗೆ ಕರೆದಿದ್ದಾರೆ. ನಮ್ಮದು ತೋಟದ ಆದಾಯ, ಐಟಿ ರಿಟರ್ನ್‌ನಲ್ಲಿ ಏನೂ ಇಲ್ಲ. ಜಮ್ಮಾ ಬಾಣೆ, ಅಂದರೆ ಕೊಡಗಿನ ಒಟ್ಟು ಕುಟುಂಬದ ಹಿಡುವಳಿಯಾದ್ದರಿಂದ ಆರ್‌ಟಿಸಿಯಲ್ಲಿ ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರಿದೆ. ವೀಸಾ ಸಿಕ್ಕೀತೇ? (ಪೊನ್ನಂಪೇಟೆ)

ಸಿಗುತ್ತದೆ, ಆದರೆ ಕಾಗದಗಳು ತಾವೇ ಮಾತಾಡುವಂತೆ ಜೋಡಿಸಬೇಕು. ವೀಸಾ ಅಧಿಕಾರಿಗೆ ಬೇಕಾಗಿರುವುದು ಒಂದೇ ಭರವಸೆ: ಇವರು ಹಿಂದಿರುಗಿ ಬರುತ್ತಾರೆಯೇ? ತೋಟ, ಮನೆ, ವರ್ಷ ವರ್ಷ ಬರುವ ಫಸಲು ಇದ್ದವರಷ್ಟು ಬೇರೂರಿದವರು ಯಾರಿದ್ದಾರೆ? ಅದನ್ನು ಆ ಅಧಿಕಾರಿಗೆ ಅರ್ಥವಾಗುವ ಭಾಷೆಯಲ್ಲಿ ತೋರಿಸುವುದಷ್ಟೇ ಉಳಿದ ಕೆಲಸ.

ಕಾಫಿಯನ್ನು ಚೆರ್ರಿ (ಸಿಪ್ಪೆಸಹಿತ ಒಣಗಿಸಿದ ಹಣ್ಣು) ಅಥವಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ) ಆಗಿ ಹಾಗೇ ಮಾರುವವರ ವರಮಾನ ಪೂರ್ತಿ ಕೃಷಿ ಆದಾಯ. ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲದ್ದರಿಂದ ರಿಟರ್ನ್ ಖಾಲಿಯಾಗಿ ಕಾಣುತ್ತದೆ. ಈ ವಿಷಯವನ್ನು ಮುಖಪತ್ರದಲ್ಲಿ ಎರಡೇ ಸಾಲಿನಲ್ಲಿ ಬರೆಯಿರಿ. ಅದರ ಹಿಂದೆ ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಣಾ ಕಾರ್ಖಾನೆ) ಅಥವಾ ವ್ಯಾಪಾರಿಯ ಬಿಲ್ಲು, ಕಾಫಿ ಮಂಡಳಿಯ ನೋಂದಣಿ, ಆ ಹಣ ಖಾತೆಗೆ ಬಂದಿರುವ ಬ್ಯಾಂಕ್ ವಿವರ ಇಡಿ. ಬಿಲ್ಲಿನ ಮೊತ್ತಕ್ಕೂ ಬ್ಯಾಂಕಿನ ಸಾಲಿಗೂ ಪೆನ್ಸಿಲ್‌ನಲ್ಲಿ ಒಂದೇ ಗುರುತು ಹಾಕಿದರೆ ನೋಡುವವರಿಗೆ ಸುಲಭ.

ಆರ್‌ಟಿಸಿಯಲ್ಲಿ ಪಟ್ಟೇದಾರರ ಹೆಸರು ಮಾತ್ರ ಇದ್ದರೆ ತಹಶೀಲ್ದಾರ್ ಕಚೇರಿಯಿಂದ ವಂಶವೃಕ್ಷ ಪಡೆದು, ನಿಮ್ಮ ಪಾಲು ಇಷ್ಟು ಎಂದು ಪಟ್ಟೇದಾರರಿಂದ ಒಂದು ಪತ್ರ ಬರೆಸಿ, ಎಲ್ಲವನ್ನೂ ಇಂಗ್ಲಿಷಿಗೆ ಅನುವಾದಿಸಿ ಕೊಡಿ. ಜಮ್ಮಾ ಎಂದರೇನೆಂದು ದೂತಾವಾಸದಲ್ಲಿ ಯಾರಿಗೂ ಗೊತ್ತಿರಲಾರದು. ಇದು ಒಟ್ಟು ಕುಟುಂಬದ ಹಿಡುವಳಿ ಎಂದು ಬಿಡಿಸಿ ಹೇಳಿ. ಹೆಸರಿನ ವಿಷಯದಲ್ಲೂ ಜೋಪಾನ. ನಮ್ಮಲ್ಲಿ ಮನೆಹೆಸರು ಮುಂದೆ ಬರುತ್ತದೆ, ಪಾಸ್‌ಪೋರ್ಟಿನ ಸರ್‌ನೇಮ್ ಖಾನೆಯಲ್ಲಿ ಒಮ್ಮೊಮ್ಮೆ ಏನೂ ಇರುವುದಿಲ್ಲ. ಟಿಕೆಟ್, ವಿಮೆ, ಅರ್ಜಿ ಮೂರರಲ್ಲೂ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು.

ಸುಂಟಿಕೊಪ್ಪ ಹತ್ತಿರ ಕಾಫಿ ತೋಟ, ಅರೇಬಿಕಾ, ರೊಬಸ್ಟಾ ಎರಡೂ ತಳಿ ಇದೆ. ಸೊಸೆ ಡಿಸೆಂಬರ್‌ನಲ್ಲೇ ತವರಿಗೆ ಹೋಗೋಣ ಎನ್ನುತ್ತಾಳೆ. ಕೊಯ್ಲು ಬಿಟ್ಟು ಹೋಗುವುದು ಹೇಗೆ?

ರೊಬಸ್ಟಾ ಮಾತ್ರ ಇದ್ದವರು ಡಿಸೆಂಬರ್ 18ರ ಸುಮಾರಿಗೆ ಹೊರಟು ಜನವರಿ ಮೊದಲ ವಾರ ಬಂದರೆ ಹೆಚ್ಚಿನ ನಷ್ಟವಿಲ್ಲ, ಮುಖ್ಯ ಕೊಯ್ಲು ಆಮೇಲೆಯೇ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ದಿನ ಗೊತ್ತಾದ ಮೇಲೆ ಟಿಕೆಟ್ ತೆಗೆಯಿರಿ. ಅರೇಬಿಕಾದ ಮಾತು ಬೇರೆ. ಹಣ್ಣು ಕೊಯ್ದ ದಿನವೇ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರಕ್ಕೆ ಹಾಕಬೇಕು, ಹುದುಗಿಸಿ ತೊಳೆಯಬೇಕು, ಕಣದಲ್ಲಿ ದಿನಾ ಕೆದಕಬೇಕು. ಅಕಾಲದ ಮಳೆ ಬಿದ್ದರೆ ಪಾರ್ಚ್‌ಮೆಂಟ್ ಮುಚ್ಚಲು ಜವಾಬ್ದಾರಿಯ ಆಳು ಬೇಕು. ನಂಬಿಕಸ್ತ ರೈಟರ್ (ತೋಟದ ಮೇಸ್ತ್ರಿ-ಲೆಕ್ಕಿಗ) ಇಲ್ಲದಿದ್ದರೆ ಡಿಸೆಂಬರ್ ಬೇಡ ಎಂದೇ ಹೇಳುತ್ತೇವೆ.

ಸೊಸೆಗೆ ಕ್ರಿಸ್‌ಮಸ್ಸೇ ಮುಖ್ಯವಾದರೆ ಅವರು ಮಕ್ಕಳೊಂದಿಗೆ ಮುಂದೆ ಹೋಗಲಿ. ಹಾಗಲ್ಲದಿದ್ದರೆ ಫೆಬ್ರುವರಿಯನ್ನೂ ಯೋಚಿಸಿ. ಅಲ್ಲಿನ ಶಾಲೆಗಳಿಗೆ ಆಗ ಒಂದು ವಾರ ರಜೆ ಇರುತ್ತದೆ. ಅದು ಉತ್ತರ, ಮಧ್ಯ, ದಕ್ಷಿಣ ವಲಯಗಳಿಗೆಲ್ಲ ಒಂದೇ ವಾರ ಬೀಳದಿರುವುದರಿಂದ ಸೊಸೆಯ ಅಣ್ಣ ತಮ್ಮಂದಿರ ಮಕ್ಕಳ ಶಾಲೆ ಯಾವ ವಲಯದ್ದು ಎಂದು ಕೇಳಿ. ಟಿಕೆಟ್ ದರ ಇಳಿದಿರುತ್ತದೆ, ಹಗಲೂ ಉದ್ದವಾಗಿರುತ್ತದೆ. ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಿಡಿಸುವ ಹೊತ್ತಿಗೆ ಮಾತ್ರ ಮನೆ ಸೇರಬೇಕು.

ವಿರಾಜಪೇಟೆಯವರಿಗೆ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ. ಬೆಂಗಳೂರಿಗೆ ಹೋಗಬೇಕೇ?

ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ದಾಟಿದರೆ ಮಟ್ಟನ್ನೂರಿನ ನಿಲ್ದಾಣ, ಸುಮಾರು 60 ಕಿ.ಮೀ. ಅಲ್ಲಿಂದ ಗಲ್ಫ್ ಊರುಗಳಿಗೆ ವಿಮಾನಗಳಿವೆ. ಆದರೆ ಕಣ್ಣೂರಿನಿಂದ ಗಲ್ಫ್‌ಗೆ ಒಂದು ಟಿಕೆಟ್, ಅಲ್ಲಿಂದ ಆಮ್‌ಸ್ಟರ್‌ಡಾಮ್‌ಗೆ ಇನ್ನೊಂದು ಕಂಪನಿಯ ಟಿಕೆಟ್ ಎಂದು ಬಿಡಿಬಿಡಿಯಾಗಿ ತೆಗೆದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆಯಲ್ಲ. ಲಗೇಜು ಇಳಿಸಿಕೊಂಡು ಮತ್ತೆ ಹಾಕಲು ಆ ದೇಶದೊಳಗೆ ಹೋಗಬೇಕಾಗುತ್ತದೆ, ಅದಕ್ಕೂ ವೀಸಾ ಕೇಳಬಹುದು. ಒಂದೇ ಬುಕಿಂಗ್‌ನಲ್ಲಿ ಕೊನೆಯವರೆಗೆ ಲಗೇಜು ಹೋಗುವಂತಿದ್ದರೆ ಮಾತ್ರ ಕಣ್ಣೂರು. ಮಕ್ಕಳು, ವಯಸ್ಸಾದವರು ಇದ್ದರೆ ಬೆಂಗಳೂರಿನಿಂದ ಡಚ್ ಕಂಪನಿ ಕೆಎಲ್‌ಎಂನ ನೇರ ವಿಮಾನವೇ ವಾಸಿ, ಸುಮಾರು 10 ಗಂಟೆ. ನಡುರಾತ್ರಿ ದಾಟಿ ಹೊರಡುವ ವಿಮಾನವಾದ್ದರಿಂದ ಟಿಕೆಟಿನ ತಾರೀಕು ಎರಡು ಸಲ ನೋಡಿ. 20ನೇ ತಾರೀಕಿನ ವಿಮಾನಕ್ಕೆ ಮನೆ ಬಿಡಬೇಕಾದುದು 19ರ ಮಧ್ಯಾಹ್ನ.

ಇಳಿದ ಮೇಲೆ ಭಾರತದ ಪಾಸ್‌ಪೋರ್ಟಿನವರ ಬೆರಳಚ್ಚು, ಮುಖದ ಫೋಟೊ ತೆಗೆಯುತ್ತಾರೆ. 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಬಂದ ವ್ಯವಸ್ಥೆ ಇದು. ಸ್ವಾಗತಿಸಲು ಬರುವವರಿಗೆ ಹೊರಬರುವ ಹೊತ್ತನ್ನು ಸ್ವಲ್ಪ ತಡವಾಗಿಯೇ ಹೇಳಿಡಿ.

ಬೀಗರಿಗೆ ಏನೇನು ಒಯ್ಯಬಹುದು? ಜೇನು, ಕಿತ್ತಳೆ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ), ಹಂದಿ ಮಾಂಸದ ಉಪ್ಪಿನಕಾಯಿ, ಮನೆಯ ತುಪ್ಪ, ಕಾಫಿಪುಡಿ, ಮನೆಯಲ್ಲೇ ಮಾಡಿದ ವೈನ್ ಯೋಚನೆಯಲ್ಲಿದೆ. (ಸೋಮವಾರಪೇಟೆ)

ಮೊದಲು ಪಟ್ಟಿಯಿಂದ ತೆಗೆಯಬೇಕಾದವು: ಹಂದಿ ಉಪ್ಪಿನಕಾಯಿ, ತುಪ್ಪ, ಕಿತ್ತಳೆ. ಒಕ್ಕೂಟದ ಹೊರಗಿನಿಂದ ಮಾಂಸ, ಹಾಲು ಮತ್ತು ಅವುಗಳಿಂದ ಮಾಡಿದ ಯಾವುದನ್ನೂ ಲಗೇಜಿನಲ್ಲಿ ತರುವಂತಿಲ್ಲ, ಹಾಲಿನ ಸಿಹಿತಿಂಡಿಯೂ ಅದರಲ್ಲಿ ಸೇರಿತು. ಜಾನುವಾರು ರೋಗ ಹರಡೀತೆಂಬ ಭಯಕ್ಕೆ ಈ ನಿಯಮ. ಒಂದು ಸಣ್ಣ ಡಬ್ಬಿಗೂ ವಿನಾಯಿತಿ ಇಲ್ಲ. 2019ರ ಡಿಸೆಂಬರ್ 14ರಿಂದ ತಾಜಾ ಹಣ್ಣು, ತರಕಾರಿ, ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅನಾನಸ್, ಬಾಳೆ, ತೆಂಗು, ಖರ್ಜೂರ, ಡುರಿಯನ್ ಈ ಐದಕ್ಕೆ ಮಾತ್ರ ಬೇಡ. ಹಾಗಾಗಿ ಕೊಡಗಿನ ಕಿತ್ತಳೆಯಷ್ಟೇ ಅಲ್ಲ, ಹಸಿ ಕರಿಬೇವು, ವೀಳ್ಯದೆಲೆಯೂ ಬೇಡ. ಒಣ ಕೊಬ್ಬರಿ ಬೆಂಕಿ ಹಿಡಿಯುವ ವಸ್ತುವಾದ್ದರಿಂದ ವಿಮಾನದಲ್ಲೇ ತಡೆ.

ಜೇನು ತಲಾ 2 ಕೆ.ಜಿ.ವರೆಗೆ ಸರಿ. ಅಲ್ಲಿನ ಚಳಿಗೆ ಹರಳುಗಟ್ಟಿದರೆ ಕೆಟ್ಟಿತೆಂದಲ್ಲ, ಉಗುರುಬೆಚ್ಚಗಿನ ನೀರಿನಲ್ಲಿ ಸೀಸೆ ಇಟ್ಟರೆ ಕರಗುತ್ತದೆ ಎಂದು ಅವರಿಗೆ ತಿಳಿಸಿ. ಒಣಗಿದ ಕರಿಮೆಣಸು, ಏಲಕ್ಕಿ, ತರಕಾರಿಯ ಉಪ್ಪಿನಕಾಯಿ ತೊಂದರೆಯಿಲ್ಲ. ವೈನ್ 17 ದಾಟಿದವರಿಗೆ ತಲಾ 4 ಲೀಟರ್‌ವರೆಗೆ ಸುಂಕವಿಲ್ಲ. ಆದರೆ ಮನೆಯ ವೈನ್ ಇನ್ನೂ ಹುಳಿಯುತ್ತಿದ್ದರೆ ಬಿರಡೆ ಹಾರಿ ಬಟ್ಟೆಯೆಲ್ಲ ಹಾಳು. ಗುಳ್ಳೆ ಏಳುವುದು ಪೂರ್ತಿ ನಿಂತು, ತಿಳಿಯಾದ ಹಳೆಯ ವೈನನ್ನೇ ಒಯ್ಯಿರಿ. ಎಲ್ಲ ಉಡುಗೊರೆಯ ಬೆಲೆ ತಲಾ 430 ಯೂರೋ ಮೀರದಿರಲಿ.

ಕಾಚಂಪುಳಿಗೆ ಸ್ವಲ್ಪ ಹೆಚ್ಚಿನ ಜಾಗ್ರತೆ ಬೇಕು. ಕಡು ಹುಳಿಯಾದ್ದರಿಂದ ತಗಡಿನ ಮುಚ್ಚಳವನ್ನು ತಿಂದುಹಾಕುತ್ತದೆ. ದಪ್ಪ ಗಾಜಿನ ಸಣ್ಣ ಸೀಸೆ, ಪ್ಲಾಸ್ಟಿಕ್ ಮುಚ್ಚಳ. ಕತ್ತಿನವರೆಗೆ ತುಂಬದೆ ಒಂದು ಬೆರಳು ಜಾಗ ಬಿಡಿ. ಮುಚ್ಚಳದ ಸುತ್ತ ಟೇಪ್ ಸುತ್ತಿ, ಒಂದರೊಳಗೊಂದು ಎರಡು ಜಿಪ್ ಚೀಲಕ್ಕೆ ಹಾಕಿ, ಹಳೆಯ ಟವೆಲಿನಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ ಇಡಿ. ಕೈಚೀಲದಲ್ಲಿ 100 ಮಿ.ಲೀ. ಮೀರಿದ ದ್ರವ ಬಿಡುವುದಿಲ್ಲ. ಒಯ್ದರೆ ಅದು ಖಂಡಿತ ಉಪಯೋಗಕ್ಕೆ ಬರುತ್ತದೆ. ಹಂದಿಮಾಂಸ ಅಲ್ಲಿನ ಯಾವ ಅಂಗಡಿಯಲ್ಲೂ ಸಿಗುತ್ತದೆ, ಕೊಡಗಿನ ಹಂದಿ ಸಾರಾದ ಪಂದಿಕರಿಯ ಮಸಾಲೆ ಹುರಿದು ಪುಡಿ ಮಾಡಿಕೊಂಡು ಹೋದರೆ ಬೀಗರ ಅಡುಗೆಮನೆಯಲ್ಲೇ ಮಾಡಿ ಬಡಿಸಬಹುದು. ಅದರ ಜೊತೆಗಿನ ಅಕ್ಕಿ ಕಡುಬು ಕಡಂಬುಟ್ಟಿಗೆ ಅಕ್ಕಿ ತರಿಯನ್ನು ಅಲ್ಲೇ ಅಕ್ಕಿ ಕೊಂಡು ಮಿಕ್ಸಿಯಲ್ಲಿ ಒಡೆದುಕೊಳ್ಳಿ. ಹೆಸರಿಲ್ಲದ ಚೀಲದಲ್ಲಿ ಬಿಳಿ ಪುಡಿ ಒಯ್ದು ತಪಾಸಣೆಯಲ್ಲಿ ನಿಲ್ಲುವುದಕ್ಕಿಂತ ಇದು ಮೇಲು.

ಕಾಫಿಪುಡಿಯಲ್ಲಿ ಒಂದು ಸೂಕ್ಷ್ಮ. ನಮ್ಮ ಫಿಲ್ಟರಿನ ಪುಡಿ ಅವರ ಪೇಪರ್ ಫಿಲ್ಟರ್ ಯಂತ್ರಕ್ಕೆ ನುಣುಪು ಹೆಚ್ಚು, ನೀರು ಇಳಿಯದೆ ಮೇಲೆ ಉಕ್ಕುತ್ತದೆ. ಚಿಕೋರಿ ಹಾಕದೆ, ಮಧ್ಯಮ ತರಿಯಾಗಿ ಬೀಸಿಸಿ, ಅಥವಾ ಹುರಿದ ಬೀಜವನ್ನೇ ಕೊಡಿ. ಮಲಬಾರ್ ತೀರದಿಂದ 1696ರಲ್ಲಿ ಕಾಫಿ ಸಸಿಯನ್ನು ಜಾವಾಕ್ಕೆ ಒಯ್ದವರೇ ಡಚ್ಚರು. ಜಾವಾದಿಂದ 1706ರಲ್ಲಿ ಒಂದು ಗಿಡ ಆಮ್‌ಸ್ಟರ್‌ಡಾಮ್‌ನ ಸಸ್ಯೋದ್ಯಾನಕ್ಕೆ ಬಂತು. 1638ರ ಆ ಉದ್ಯಾನ ಇಂದಿಗೂ ಇದೆ, ಗಾಜಿನ ಮನೆಯೊಳಗೆ ಬೆಚ್ಚಗೂ ಇರುತ್ತದೆ. ತೋಟದ ಮನೆಯ ಮಕ್ಕಳನ್ನು ಮಳೆಯ ದಿನ ಕರೆದೊಯ್ಯಲು ಅದಕ್ಕಿಂತ ಒಳ್ಳೆಯ ಜಾಗ ನಮಗೆ ತೋಚುವುದಿಲ್ಲ.

ಅಪ್ಪನಿಗೆ 74, ಅಮ್ಮನಿಗೆ 70. ಭಾಗಮಂಡಲದ ಚಳಿ ಮಳೆ ಕಂಡವರು. ಅಲ್ಲಿನ ಚಳಿ ತಡೆದಾರೇ? (ನಾಪೋಕ್ಲು)

ಥರ್ಮಾಮೀಟರ್ ನೋಡಿ ಹೆದರಬೇಕಿಲ್ಲ. ಡಿಸೆಂಬರ್, ಜನವರಿಯಲ್ಲಿ ಸಾಮಾನ್ಯವಾಗಿ 1ರಿಂದ 6 ಡಿಗ್ರಿ. ಹಿಮ ಬಿದ್ದೇ ಬೀಳುತ್ತದೆ ಎಂದೂ ಇಲ್ಲ. ಕಾಡುವುದು ಮೂರು: ಗಾಳಿ, ಜಿನುಗು ಮಳೆ, ಕತ್ತಲು. ಬೆಟ್ಟವಿಲ್ಲದ ಬಯಲು ನಾಡು, ಸಮುದ್ರದ ಗಾಳಿಗೆ ತಡೆಯೇ ಇಲ್ಲ. ಕೊಡೆ ಮಗುಚಿಕೊಳ್ಳುತ್ತದೆ. ಒಂದೇ ದಪ್ಪ ಸ್ವೆಟರ್‌ಗಿಂತ ಮೈಗೆ ಅಂಟುವ ಥರ್ಮಲ್, ಅದರ ಮೇಲೆ ಉಣ್ಣೆ, ಎಲ್ಲಕ್ಕೂ ಮೇಲೆ ಗಾಳಿ ನೀರು ತಡೆಯುವ ಟೋಪಿಯ ಜಾಕೆಟ್ ಬೇಕು. ಒಳಗೆ ಹತ್ತಿ ಬನಿಯನ್ ಬೇಡ, ಬೆವರಿದರೆ ಒದ್ದೆಯಾಗಿಯೇ ಉಳಿದು ಚಳಿ ಹಿಡಿಸುತ್ತದೆ. ಅಮ್ಮ ಸೀರೆಯೇ ಉಡುವುದಾದರೆ ಒಳಗೆ ಉಣ್ಣೆಯ ಲೆಗ್ಗಿಂಗ್ಸ್, ನೆರಿಗೆ ಪಾದದಿಂದ ಎರಡು ಬೆರಳು ಮೇಲೆ. ನೆಲದ ನೀರು ಹೀರಿದ ಸೀರೆಯಂಚು ಇಡೀ ದಿನ ಕಾಲನ್ನು ತಣ್ಣಗಿಡುತ್ತದೆ. ಶೂ ನೀರು ಹೋಗದಂಥದ್ದು, ಅಟ್ಟೆಯಲ್ಲಿ ಹಿಡಿತವಿರುವಂಥದ್ದು, ದಪ್ಪ ಸಾಕ್ಸ್ ಹಾಕಿದರೂ ಬೆರಳಾಡುವಷ್ಟು ಸಡಿಲ. ಮಳೆನೀರು ನೆಲದಲ್ಲೇ ಕಣ್ಣಿಗೆ ಕಾಣದ ಗಾಜಿನಂತೆ ಹೆಪ್ಪುಗಟ್ಟುವ ದಿನಗಳಿವೆ. ಹವಾಮಾನ ಇಲಾಖೆ ಕಿತ್ತಳೆ ಎಚ್ಚರಿಕೆ ಕೊಟ್ಟರೆ ಹಿರಿಯರು ಮನೆಯಲ್ಲೇ ಇರಲಿ.

ಜಾಕೆಟನ್ನು ಇಲ್ಲಿ ದುಡ್ಡು ಸುರಿದು ಕೊಳ್ಳಬೇಡಿ. ನೆಂಟರ ಮನೆಯಲ್ಲಿ ಹೆಚ್ಚುವರಿ ಇದ್ದೇ ಇರುತ್ತದೆ, ಅಳತೆ ಮೊದಲೇ ಕಳಿಸಿ. ಇಲ್ಲವೇ ಊರೂರಲ್ಲಿ ಕ್ರಿಂಗ್‌ಲೋಪ್ ಎಂಬ ಹಳೆಯ ಸಾಮಾನಿನ ಅಂಗಡಿಗಳಿವೆ, ಒಳ್ಳೆಯ ಕೋಟು ಅಗ್ಗಕ್ಕೆ ಸಿಗುತ್ತದೆ.

ಹಿರಿಯರಿಗೆ ನಿಜವಾದ ಕಷ್ಟ ಮೊದಲ ನಾಲ್ಕೈದು ರಾತ್ರಿ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಇಲ್ಲಿ 6ಕ್ಕೆ ಏಳುವವರಿಗೆ ಅಲ್ಲಿ ರಾತ್ರಿ ಒಂದೂವರೆಗೇ ಎಚ್ಚರ. ಸೂರ್ಯ ಹುಟ್ಟುವುದು 8.45ರ ಹೊತ್ತಿಗೆ, ಮುಳುಗುವುದು ಸಂಜೆ 4.30ಕ್ಕೆ. ಅಂದರೆ ಎದ್ದಮೇಲೆ ಏಳು ಗಂಟೆ ಕತ್ತಲೆಯಲ್ಲಿ ಕೂರಬೇಕು. ಮೊದಲ ದಿನದಿಂದಲೇ ಸಂಜೆ ನಿದ್ದೆಗೆ ಬಿಡದೆ ರಾತ್ರಿ 9ರವರೆಗೆ ಎಚ್ಚರವಿರಿಸಿ. 11ರಿಂದ 2ರ ನಡುವೆ, ಮೋಡವಿದ್ದರೂ, ಹೊರಗೆ ನಡೆಸಿ. ರಾತ್ರಿ ಎದ್ದಾಗ ಕುಡಿಯಲು ಫ್ಲಾಸ್ಕಿನಲ್ಲಿ ಬಿಸಿನೀರು, ಎರಡು ಬಿಸ್ಕತ್ತು ಪಕ್ಕದಲ್ಲೇ ಇರಲಿ.

ಹಳೆಯ ಡಚ್ ಮನೆಗಳ ಮೆಟ್ಟಿಲು ಅಟ್ಟಕ್ಕೆ ಇಟ್ಟ ಏಣಿಯಷ್ಟು ಕಡಿದು. ಮಲಗುವ ಕೋಣೆ ಮೇಲೆ, ಶೌಚಾಲಯ ಕೆಳಗೆ ಇರುವುದೂ ಉಂಟು. ಮಂಡಿನೋವಿದ್ದವರಿಗೆ ಕೆಳಗಿನ ಕೋಣೆಯಲ್ಲೇ ಮಂಚ ಹಾಕಿಸಲು ಟಿಕೆಟ್ ತೆಗೆಯುವ ಮೊದಲೇ ಮಾತಾಡಿಕೊಳ್ಳಿ. ಡಚ್ಚರು ನೇರ ಮಾತಿನವರು, ಕೇಳಿದರೆ ತಪ್ಪು ತಿಳಿಯುವುದಿಲ್ಲ.

ಮಾತ್ರೆ ಇಡೀ ಪ್ರವಾಸಕ್ಕೂ ಮೇಲೆ ಒಂದು ವಾರಕ್ಕೂ ಆಗುವಷ್ಟು, ಮೂಲ ಸ್ಟ್ರಿಪ್‌ನಲ್ಲೇ, ಔಷಧದ ಮೂಲ ಹೆಸರಿರುವ ವೈದ್ಯರ ಚೀಟಿಯೊಂದಿಗೆ. ಇನ್ಸುಲಿನ್ ಕೈಚೀಲದಲ್ಲೇ ಇರಬೇಕು, ವಿಮಾನದ ಹೊಟ್ಟೆಯಲ್ಲಿ ಹೆಪ್ಪುಗಟ್ಟಿದರೆ ಉಪಯೋಗಕ್ಕಿಲ್ಲ. ಬಿಪಿ, ಸಕ್ಕರೆಯ ಔಷಧದ ಹೊತ್ತು ಹೇಗೆ ಬದಲಿಸಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ. ಅಲ್ಲಿ ಜ್ವರ ಬಂದರೆ ನೇರ ಆಸ್ಪತ್ರೆಗೆ ಹೋಗುವ ಪದ್ಧತಿಯಿಲ್ಲ. ಮೊದಲು ನೆಂಟರ ಮನೆವೈದ್ಯರಿಗೆ, ರಾತ್ರಿ ಮತ್ತು ರಜೆಯಲ್ಲಿ ಮನೆವೈದ್ಯರ ತುರ್ತು ಕೇಂದ್ರಕ್ಕೆ ಫೋನ್ ಮಾಡಬೇಕು. ಪ್ರಾಣಾಪಾಯಕ್ಕೆ 112. ವಿಮೆ ಮಾಡಿಸುವಾಗ ಮೊದಲೇ ಇದ್ದ ಕಾಯಿಲೆಗೆ ರಕ್ಷಣೆ ಇದೆಯೇ ಎಂದು ಬಾಯಿಮಾತಿನಲ್ಲಿ ಅಲ್ಲ, ಪಾಲಿಸಿಯಲ್ಲೇ ನೋಡಿ.

ರೈಲಿಗೆ ಪಾಸ್ ಬೇಕೇ? (ಕುಶಾಲನಗರ)

ಬೇಡ. ಸ್ಕಿಪೊಲ್ ನಿಲ್ದಾಣದ ಕೆಳಗೇ ರೈಲು ಸಿಗುತ್ತದೆ. ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ತೋರಿಸಿ ಹತ್ತಬಹುದು, ಇಳಿದಾಗ ಅದೇ ಕಾರ್ಡನ್ನು ಮತ್ತೆ ತೋರಿಸಬೇಕು. ತಲಾ ಒಂದು ಕಾರ್ಡ್. ಹೊರಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆ, ಟ್ಯಾಪ್ ಪಾವತಿ ಎರಡನ್ನೂ ತೆರೆದಿಡಿ. 4ರಿಂದ 11 ವರ್ಷದ ಮಕ್ಕಳಿಗೆ ರೈಲ್‌ರನ್ನರ್ ಎಂಬ ಅಗ್ಗದ ದಿನದ ಟಿಕೆಟ್ ಇದೆ. ನಾಲ್ವರಿಂದ ಏಳು ಜನ ಒಟ್ಟಿಗೆ ಹೋಗುವುದಾದರೆ ದಟ್ಟಣೆಯಿಲ್ಲದ ಹೊತ್ತಿನ ಗುಂಪು ಟಿಕೆಟ್ ನೋಡಿ, ಉಳಿತಾಯ ಕಣ್ಣಿಗೆ ಕಾಣುವಷ್ಟಿರುತ್ತದೆ.

ಬೀಗರ ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು? ಹಬ್ಬಗಳು ಯಾವಾಗ? (ಗೋಣಿಕೊಪ್ಪ)

ಮಕ್ಕಳ ದೊಡ್ಡ ಹಬ್ಬ ಕ್ರಿಸ್‌ಮಸ್ ಅಲ್ಲ, ಡಿಸೆಂಬರ್ 5ರ ಸಂಜೆಯ ಸಿಂಟರ್‌ಕ್ಲಾಸ್. ಯಾರು ಯಾರಿಗೆ ಉಡುಗೊರೆ ಕೊಡಬೇಕೆಂದು ಚೀಟಿ ಎತ್ತಿ, ಇಂತಿಷ್ಟೇ ಖರ್ಚು ಎಂದು ಗೊತ್ತುಮಾಡಿ, ಜೊತೆಗೆ ಪ್ರಾಸದ ಪದ್ಯ ಬರೆಯುತ್ತಾರೆ. ಆ ಹೊತ್ತಿಗೆ ಅಲ್ಲಿರುವುದಾದರೆ ನವೆಂಬರ್‌ನಲ್ಲೇ ನಿಮ್ಮ ಚೀಟಿ ಕೇಳಿ. ಕ್ರಿಸ್‌ಮಸ್‌ಗೆ 25, 26 ಎರಡೂ ದಿನ ರಜೆ, ಒಂದು ದಿನ ಗಂಡನ ಕಡೆ, ಒಂದು ದಿನ ಹೆಂಡತಿಯ ಕಡೆ ಹೋಗುವವರೇ ಹೆಚ್ಚು. ಮೇಜಿನ ನಡುವೆ ಕರೆಂಟಿನ ಒಲೆಯಿಟ್ಟು ಪುಟ್ಟ ಪುಟ್ಟ ಬಾಣಲೆಯಲ್ಲಿ ಅವರವರೇ ಮಾಂಸ, ತರಕಾರಿ ಬೇಯಿಸಿ ತಿನ್ನುವ ಖುರ್ಮೆಟನ್ ಆ ದಿನದ ಊಟ. ಎರಡು ಮೂರು ಗಂಟೆ ನಡೆಯುತ್ತದೆ, ಅವಸರ ಬೇಡ. ನಿಮ್ಮ ಕರಿಮೆಣಸನ್ನು ಅಲ್ಲಿ ಹೊರತೆಗೆಯಿರಿ. ಡಿಸೆಂಬರ್ 31ಕ್ಕೆ ಎಣ್ಣೆಯಲ್ಲಿ ಕರಿದ ಓಲಿಬಾಲನ್.

ಬಿಸಿ ಊಟ ದಿನಕ್ಕೆ ಒಂದೇ ಸಲ, ಸಂಜೆ 6ರ ಹೊತ್ತಿಗೆ. ಮಧ್ಯಾಹ್ನ ಬ್ರೆಡ್ಡು, ಚೀಸು. ಅನ್ನ ಬೇಕೆನಿಸಿದರೆ ಸಂಕೋಚಪಡದೆ ವಾರಕ್ಕೆ ಎರಡು ದಿನ ಅಡುಗೆ ನಮ್ಮದು ಎಂದು ಹೇಳಿಬಿಡಿ. ಯಾರ ಮನೆಗೂ ಹೇಳದೆ ಹೋಗಬೇಡಿ, ಸ್ವಂತ ಅಣ್ಣನ ಮನೆಗೂ ಹೊತ್ತು ಗೊತ್ತುಮಾಡಿಕೊಂಡೇ ಹೋಗುವ ರೂಢಿ. ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟರೆ ಅದು ಜಿಪುಣತನವಲ್ಲ, ಅಲ್ಲಿನ ಕ್ರಮ. ಹುಟ್ಟುಹಬ್ಬಕ್ಕೆ ಹೋದರೆ ಹುಟ್ಟಿದವರಿಗಷ್ಟೇ ಅಲ್ಲ, ಅವರ ಅಪ್ಪ, ಅಮ್ಮ, ಅಜ್ಜಿ ಎಲ್ಲರ ಕೈಕುಲುಕಿ ಶುಭಾಶಯ ಹೇಳಬೇಕು.

ಬರುವಾಗ ಟುಲಿಪ್ ಗಡ್ಡೆ ತಂದು ಮಡಿಕೇರಿಯಲ್ಲಿ ನೆಡಬಹುದೇ?

ಸಸ್ಯ ಆರೋಗ್ಯ ಪ್ರಮಾಣಪತ್ರ ಮತ್ತು ಭಾರತದ ಆಮದು ಪರವಾನಗಿ ಇಲ್ಲದೆ ನೆಡುವ ಗಡ್ಡೆ ತರುವಂತಿಲ್ಲ. ಗಡ್ಡೆಯೊಂದಿಗೆ ಬರುವ ಶಿಲೀಂಧ್ರ, ಜಂತುಹುಳು ನಮ್ಮ ತೋಟಗಳಿಗೇ ಅಪಾಯ. ಪರವಾನಗಿ ಇದ್ದರೂ ಟುಲಿಪ್ ಹೂ ಬಿಡಲು 12ರಿಂದ 16 ವಾರ 9 ಡಿಗ್ರಿಗಿಂತ ಕೆಳಗಿನ ಚಳಿ ಸತತವಾಗಿ ಬೇಕು. ಮಡಿಕೇರಿಯಲ್ಲಿ ಅಷ್ಟಿಲ್ಲ. ಫ್ರಿಜ್ಜಿನಲ್ಲಿಟ್ಟು ಒಂದು ವರ್ಷ ಹೂ ಬಿಡಿಸಬಹುದು, ಮರುವರ್ಷ ಎಲೆ ಮಾತ್ರ ಬರುತ್ತದೆ. ಹೂ ನೋಡಲೇಬೇಕೆಂದಿದ್ದರೆ ಮುಂದಿನ ಸಲ ಏಪ್ರಿಲ್‌ನಲ್ಲಿ ಹೋಗಿ. ಡಿಸೆಂಬರ್‌ನಲ್ಲಿ ಅಲ್ಲಿ ಟುಲಿಪ್ ಹೊಲದಲ್ಲಿ ಬರೀ ಮಣ್ಣಿರುತ್ತದೆ.